ಯಾವ ಕೋಲನ್ನಿನ ಆಚೆ ಪೋರ್ಟ್?

— ಮೇಡಂ, ಇದ್ದಿದ್ದೇ ಎರಡು ಫೀಲ್ಡಿನ ಕ್ಲಾಸು. ಒಂದು ಐಪಿ ವಿಳಾಸ, ಇನ್ನೊಂದು ಪೋರ್ಟ್ ನಂಬರು. ಟುಸ್ಟ್ರಿಂಗ್ ಮೆಥಡ್‌ನಲ್ಲಿ ಎರಡನ್ನೂ ನಡುವೆ ಒಂದು ಕೋಲನ್ ಇಟ್ಟು ಅಂಟಿಸಿದ್ದೀನಿ. ಅದಕ್ಕೆ ಇಷ್ಟುದ್ದ ರಿವ್ಯೂ ಕಾಮೆಂಟ್ ಬರೆದಿದ್ದೀರಲ್ಲ!

— ಅಂಟಿಸಿದ್ದಕ್ಕೆ ನನ್ನ ತಕರಾರಿಲ್ಲ ಮಾರಾಯ. ಅಂಟಿಸಿದ್ದನ್ನು ಇನ್ನೊಂದು ಫೈಲಿನಲ್ಲಿ ಮತ್ತೆ ಬಿಡಿಸಿದ್ದೀಯಲ್ಲ, ಅದಕ್ಕೆ ತಕರಾರು. ಕೋಲನ್ ಕಂಡಲ್ಲಿ ಒಡೆದು, ಮೊದಲ ತುಂಡು ವಿಳಾಸ, ಎರಡನೇದು ಪೋರ್ಟ್ ಅಂತ ಬರೆದಿದ್ದೀಯ.

— ಟೆಸ್ಟ್ ಎಲ್ಲಾ ಪಾಸ್ ಆಗಿವೆ.

— ಆಗದೇ ಏನು? ಟೆಸ್ಟಿನಲ್ಲಿ ಇರೋದು 8.8.8.8:53 ಒಂದೇ. ಗೂಗಲ್‌ನ ಅದೇ ಡಿಎನ್‌ಎಸ್ ಸೇವೆಗೆ ಐಪಿವಿ6 ವಿಳಾಸವೂ ಇದೆ, 2001:4860:4860::8888. ನಿನ್ನ ಮೆಥಡ್ ಅದಕ್ಕೆ 53 ಅಂಟಿಸಿದರೆ ಏನು ಬರುತ್ತೆ?

— 2001:4860:4860::8888:53. ಓ, ಕೋಲನ್ ಜಾಸ್ತಿ ಆಯ್ತು. ಹಾಗಾದ್ರೆ ಮೊದಲ ಕೋಲನ್ ಬಿಟ್ಟು ಕೊನೇ ಕೋಲನ್ ಹತ್ತಿರ ಒಡೆದರೆ ಮುಗೀತು.

— ಮುಗಿಯಲ್ಲ. ಆ ಸಾಲನ್ನು ಪೋರ್ಟ್ ಇದೆಯೋ ಇಲ್ಲವೋ ಹೇಳದೆ ಬೇರೆಯವರ ಕೈಗೆ ಕೊಡು. ಐಪಿವಿ6 ವಿಳಾಸ ಅಂದ್ರೆ ಎಂಟು ಗುಂಪು, ನಡುವೆ ಎಲ್ಲಾದರೂ ಒಂದು ಕಡೆ ಸಾಲಾಗಿ ಬಂದ ಸೊನ್ನೆಗಳನ್ನು ಜೋಡಿ ಕೋಲನ್ ಒಳಗೆ ಅಡಗಿಸಬಹುದು. ಮೊದಲಿನ ವಿಳಾಸದಲ್ಲಿ ಜೋಡಿ ಕೋಲನ್ ಒಳಗೆ ನಾಲ್ಕು ಸೊನ್ನೆ ಇದ್ದವು. 53 ಬಂದು ಕೂತ ಮೇಲೆ ಮೂರು. ಎಂಟು ಗುಂಪು ಸರಿಯಾಗಿ ತುಂಬಿತು. ಅಂದ್ರೆ ನೀನು ಬರೆದ ಸಾಲು ಪೋರ್ಟ್ ಇಲ್ಲದ ಇನ್ನೊಂದು ವಿಳಾಸ, ಪೂರ್ತಿ ಸಿಂಧುವಾದ ವಿಳಾಸ. ಎರರ್ ಬಂದಿದ್ದರೆ ಪುಣ್ಯ. ಬರಲ್ಲ. ಪ್ರೋಗ್ರಾಂ ಸುಮ್ಮನೆ ಬೇರೆ ಮನೆಯ ಬಾಗಿಲು ತಟ್ಟುತ್ತೆ.

— ಇದು ನನಗೊಬ್ಬನಿಗೇ ಬಂದ ತೊಂದರೆ ಅಲ್ಲ ಅಂದುಕೊಂಡಿದ್ದೀನಿ.

— ಎಲ್ಲರಿಗೂ ಬಂದಿದೆ. 2010ರ ಆಗಸ್ಟಿನಲ್ಲಿ ಬಂದ ಆರ್‌ಎಫ್‌ಸಿ 5952 ತೆಗೆದು ನೋಡು. ಐಪಿವಿ6 ವಿಳಾಸದ ಜೊತೆ ಪೋರ್ಟ್ ಬರೆಯೋಕೆ ಜನ ಬಳಸುತ್ತಿದ್ದ ಆರು ರೀತಿಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. ಒಬ್ಬರು ಚುಕ್ಕಿ ಇಡ್ತಾರೆ, ಒಬ್ಬರು ಹ್ಯಾಶ್ ಚಿಹ್ನೆ, ಇನ್ನೊಬ್ಬರು ಪೋರ್ಟ್ ಅನ್ನೋ ಪದವನ್ನೇ ನಡುವೆ ಬರೀತಾರೆ. ಅದರಲ್ಲಿ ಅತಿ ಗೊಂದಲದ್ದು ಯಾವುದು ಅಂತಲೂ ಹೇಳಿದ್ದಾರೆ. ನಿನ್ನದೇ ಅದು, ಬರೀ ಕೋಲನ್. ಚೌಕ ಬ್ರಾಕೆಟ್ ಹಾಕಿ, [2001:4860:4860::8888]:53 ಅಂತ ಬರೆಯೋದು ಸರಿಯಾದ ಕ್ರಮ ಅಂತ ತೀರ್ಮಾನ. ಬ್ರಾಕೆಟ್ ಆಗ ಹೊಸದೇನೂ ಅಲ್ಲ, ಯುಆರ್‌ಎಲ್‌ಗಳಲ್ಲಿ ಹೀಗೆ ಬರೀಬೇಕು ಅಂತ 1999ರಲ್ಲೇ ಆರ್‌ಎಫ್‌ಸಿ 2732 ಹೇಳಿತ್ತು.

— ಸರಿ, ವಿಳಾಸದಲ್ಲಿ ಕೋಲನ್ ಇದ್ದರೆ ಬ್ರಾಕೆಟ್ ಹಾಕ್ತೀನಿ. ಒಂದು ಇಫ್ ಕಂಡೀಷನ್, ಅಷ್ಟೇ.

— ಕೋಲನ್ ಹುಡುಕೋದು ಯಾಕೆ? ತಾನು ಯಾವ ಜಾತಿಯ ವಿಳಾಸ ಅನ್ನೋದು ಆಬ್ಜೆಕ್ಟಿಗೆ ಗೊತ್ತಿದೆ, ಅದನ್ನೇ ಕೇಳು. ಸ್ಟ್ರಿಂಗ್ ನೋಡಿ ಜಾತಿ ಊಹಿಸೋದಾದ್ರೆ ಕ್ಲಾಸ್ ಮಾಡಿ ಏನು ಬಂತು? ಈ ತಿಳುವಳಿಕೆ ಸಿ ಭಾಷೆಯವರಿಗೇ ಇತ್ತು. 1983ರ 4.2ಬಿಎಸ್‌ಡಿ ಯುನಿಕ್ಸಿನಲ್ಲಿ ಸಾಕೆಟ್‌ಗಳ ಜೊತೆ ಸಾಕ್‌ಅಡ್ರ್ ಅನ್ನೋ ಸ್ಟ್ರಕ್ಚರ್ ಬಂತು. ಅದರ ತಲೆಭಾಗದಲ್ಲೇ ಇದು ಯಾವ ಕುಟುಂಬದ ವಿಳಾಸ ಅನ್ನೋ ಗುರುತು. ಅದನ್ನು ನೋಡಿಕೊಂಡು ಮಿಕ್ಕ ಬೈಟ್‌ಗಳನ್ನು ಅರ್ಥ ಮಾಡಿಕೊಳ್ಳಬೇಕು. ನಾವು ಇವತ್ತು ಬೇಸ್ ಕ್ಲಾಸ್, ಸಬ್‌ಕ್ಲಾಸ್ ಅಂತೀವಲ್ಲ, ಅದನ್ನು ಅವರು ಕೈಯಾರೆ ಕ್ಯಾಸ್ಟ್ ಮಾಡಿ ನಡೆಸುತ್ತಿದ್ದರು. ಡಾಟ್‌ನೆಟ್‌ನಲ್ಲಿ ಅದೇ ವಿಚಾರಕ್ಕೆ ಎಂಡ್‌ಪಾಯಿಂಟ್ ಅನ್ನೋ ಅಬ್‌ಸ್ಟ್ರಾಕ್ಟ್ ಕ್ಲಾಸ್, ಅದರ ಕೆಳಗೆ ಐಪಿಎಂಡ್‌ಪಾಯಿಂಟ್, ಡಿಎನ್‌ಎಸ್‌ಎಂಡ್‌ಪಾಯಿಂಟ್, ಯುನಿಕ್ಸ್ ಡೊಮೇನ್ ಸಾಕೆಟ್ಟಿನ ಎಂಡ್‌ಪಾಯಿಂಟ್.

— ಯುನಿಕ್ಸ್ ಸಾಕೆಟ್ಟಿಗೆ ಪೋರ್ಟೇ ಇಲ್ವಲ್ಲ.

— ಇಲ್ಲ. ಫೈಲಿನ ಪಾತ್ ಅಷ್ಟೇ, ಲಿನಕ್ಸಿನಲ್ಲಿ 108 ಬೈಟ್ ಒಳಗೆ ಹಿಡಿಯಬೇಕು. ಅಲ್ಲೇ ಒಂದು ತಮಾಷೆ ಇದೆ. ಲಿನಕ್ಸಿನಲ್ಲಿ ಫೈಲೇ ಇಲ್ಲದ ಸಾಕೆಟ್ ಹೆಸರುಗಳಿವೆ, ಅಬ್‌ಸ್ಟ್ರಾಕ್ಟ್ ಅಂತಾರೆ, ಅವುಗಳ ಮೊದಲ ಬೈಟ್ ಸೊನ್ನೆ. ಸೊನ್ನೆ ಬೈಟನ್ನು ಪರದೆ ಮೇಲೆ ತೋರಿಸೋದು ಹೇಗೆ? ಅದರ ಜಾಗದಲ್ಲಿ @ ಚಿಹ್ನೆ ಬರೆಯೋದು ರೂಢಿ, ಡಾಟ್‌ನೆಟ್ಟಿನ ಟುಸ್ಟ್ರಿಂಗ್ ಮಾಡೋದೂ ಅದನ್ನೇ. ಆದರೆ @ ಇಂದಲೇ ಶುರುವಾಗುವ ನಿಜವಾದ ಫೈಲ್ ಹೆಸರು ಇರೋಕೆ ಅಡ್ಡಿಯಿಲ್ಲ. ಎರಡು ಬೇರೆ ಎಂಡ್‌ಪಾಯಿಂಟು, ಒಂದೇ ಪಠ್ಯ. ಓದುವವರಿಗೆ ಅದು ಸಾಕು. ವಾಪಸ್ ಆಬ್ಜೆಕ್ಟ್ ಮಾಡುವವನಿಗೆ ಸಾಲದು.

— ಇದು ತೀರಾ ಮೂಲೆಯ ಉದಾಹರಣೆ ಆಯ್ತು ಮೇಡಂ. ನಮ್ಮ ಸರ್ವರ್ ಜಾವಾದಲ್ಲಿದೆ. ಅಲ್ಲಿ ಹೇಗೂ ಇನೆಟ್‌ಸಾಕೆಟ್‌ಅಡ್ರೆಸ್ ರೆಡಿ ಇದೆ. ನನ್ನ ಕ್ಲಾಸ್ ಕಿತ್ತುಹಾಕಿ ಅದರ ಟುಸ್ಟ್ರಿಂಗ್ ಬಳಸಿದರೆ ಒಪ್ಪುತ್ತೀರಾ?

— ಕ್ಲಾಸ್ ಬಳಸು. ಅದರ ಟುಸ್ಟ್ರಿಂಗ್ ಮೇಲೆ ಭಾರ ಹಾಕಬೇಡ. ಜಾವಾದ ಲಾಗ್‌ಗಳಲ್ಲಿ ವಿಳಾಸದ ಮುಂದೆ ಒಂದು ಸ್ಲ್ಯಾಶ್ ಬರುತ್ತಲ್ಲ, /8.8.8.8:53 ಅಂತ, ಅದು ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೀಯಾ?

— ಇಲ್ಲ. ಬಂದಾಗೆಲ್ಲ ಮೊದಲ ಅಕ್ಷರ ಕತ್ತರಿಸಿ ಹಾಕ್ತೀನಿ. ಎಲ್ಲರೂ ಹಾಗೇ ಮಾಡೋದು.

— ಎಲ್ಲರೂ ಹಾಗೇ ಮಾಡ್ತಾರೆ, ಒಂದು ದಿನ ಎಲ್ಲರಿಗೂ ಕೈಕೊಡುತ್ತೆ. ಜಾವಾದ ವಿಳಾಸ ಆಬ್ಜೆಕ್ಟಿನೊಳಗೆ ಎರಡು ಸಂಗತಿ ಇರುತ್ತೆ. ಹೋಸ್ಟಿನ ಹೆಸರು ಗೊತ್ತಿದ್ದರೆ ಹೆಸರು, ಮತ್ತೆ ಅಂಕಿಯ ವಿಳಾಸ. ಟುಸ್ಟ್ರಿಂಗ್ ಮೊದಲು ಹೆಸರು ಬರೆದು, ಸ್ಲ್ಯಾಶ್ ಹಾಕಿ, ಆಮೇಲೆ ಅಂಕಿ ಬರೆಯುತ್ತೆ. ಹೆಸರು ಗೊತ್ತಿಲ್ಲದಿದ್ದರೆ ಎಡಗಡೆ ಖಾಲಿ. ಹಾಗಾಗಿ ಸ್ಲ್ಯಾಶ್ ಮುಂದೆ ಬಂದು ನಿಲ್ಲುತ್ತೆ. ಈಗ ನೋಡು. 8.8.8.8 ಅಂತ ಅಂಕಿಯಿಂದಲೇ ಒಂದು ಆಬ್ಜೆಕ್ಟ್ ಮಾಡಿದ್ದೀಯ, ಪ್ರಿಂಟ್ ಮಾಡಿದ್ದೀಯ, /8.8.8.8:53 ಬಂತು. ಆಮೇಲೆ ಬೇರೆ ಯಾರೋ ತಮ್ಮ ಕೆಲಸಕ್ಕೆ ಅದೇ ಆಬ್ಜೆಕ್ಟಿನ ಮೇಲೆ ಗೆಟ್‌ಹೋಸ್ಟ್‌ನೇಮ್ ಕರೆದರು. ಅದು ಡಿಎನ್‌ಎಸ್‌ಗೆ ಹೋಗಿ ಈ ಅಂಕಿಗೆ ಯಾವ ಹೆಸರು ಅಂತ ಕೇಳಿ, ಸಿಕ್ಕ ಹೆಸರನ್ನು ಆಬ್ಜೆಕ್ಟಿನಲ್ಲೇ ಇಟ್ಟುಕೊಳ್ಳುತ್ತೆ. ಮತ್ತೆ ಪ್ರಿಂಟ್ ಮಾಡು.

— ಡಿಎನ್‌ಎಸ್.ಗೂಗಲ್/8.8.8.8:53 ಬರುತ್ತೆ?

— ಬರುತ್ತೆ. ಅದೇ ಆಬ್ಜೆಕ್ಟು, ಯಾರೂ ಅದರ ಯಾವ ಫೀಲ್ಡಿಗೂ ಬೆಲೆ ಕೊಟ್ಟಿಲ್ಲ, ಬರೀ ಹೆಸರು ಕೇಳಿದರು. ಅಷ್ಟಕ್ಕೇ ಪಠ್ಯ ಬದಲಾಯ್ತು. ಈಕ್ವಲ್ಸ್ ಕೇಳಿದರೆ ಹಳೆಯದೂ ಹೊಸದೂ ಒಂದೇ ಅನ್ನುತ್ತೆ, ಯಾಕಂದ್ರೆ ಅದು ಬೈಟ್‌ಗಳನ್ನೂ ಪೋರ್ಟನ್ನೂ ಹೋಲಿಸುತ್ತೆ, ಹೆಸರನ್ನಲ್ಲ. ನೀನು ಆ ಪಠ್ಯವನ್ನೇ ಮ್ಯಾಪಿನ ಕೀ ಮಾಡಿಕೊಂಡಿದ್ದರೆ? ಬೆಳಿಗ್ಗೆ ಇಟ್ಟಿದ್ದು ಸಂಜೆ ಸಿಗಲ್ಲ. ಡೀಬಗ್ ಮಾಡೋಕೆ ಒಂದು ಲಾಗ್ ಸಾಲು ಸೇರಿಸಿದ ಕೂಡಲೇ ಬಗ್ ಇನ್ನೊಂದು ರೂಪ ತಾಳುತ್ತೆ. ಇಂಥದ್ದನ್ನು ಹಿಡಿಯೋದು ಎಷ್ಟು ಕಷ್ಟ ಅಂತ ಹಿಡಿದವರಿಗೇ ಗೊತ್ತು.

— ಊರಲ್ಲಿ ಶಾಲೆ ಹೆಸರು ಬೇರೆ, ಮನೇಲಿ ಕರೆಯೋ ಹೆಸರು ಬೇರೆ ಇರುತ್ತಲ್ಲ, ಹಾಜರಿ ಕೂಗುವಾಗ ಆಗೋ ಎಡವಟ್ಟು.

— ಹಾಗೇ ಅಂದುಕೊ. ಇದರ ಜೊತೆ ಇನ್ನೊಂದು ಸಮಸ್ಯೆ. ಆ ಗೆಟ್‌ಹೋಸ್ಟ್‌ನೇಮ್ ಕರೆ ನೋಡೋಕೆ ಒಂದು ಗೆಟರ್ ಥರ ಇದೆ, ಒಳಗೆ ನೆಟ್‌ವರ್ಕಿಗೆ ಹೋಗಿ ಬರುತ್ತೆ. ಡಿಎನ್‌ಎಸ್ ಉತ್ತರ ಕೊಡದಿದ್ದರೆ ಲಿನಕ್ಸಿನ ಮಾಮೂಲಿ ಲೆಕ್ಕದಲ್ಲಿ ಒಂದೊಂದು ಪ್ರಯತ್ನಕ್ಕೆ 5 ಸೆಕೆಂಡು ಕಾಯುತ್ತೆ. ಲಾಗ್ ಬರೆಯುವ ಜಾಗದಲ್ಲಿ ಇದನ್ನು ಕರೆದರೆ ಸರ್ವರ್ ಪೂರ್ತಿ ನಿಂತುಬಿಟ್ಟ ಹಾಗೆ ಕಾಣುತ್ತೆ. ಅಪಾಚೆ ವೆಬ್ ಸರ್ವರಿನವರು ತಮ್ಮ ಲಾಗ್‌ಗಳಲ್ಲಿ ಹೆಸರು ಹುಡುಕೋದನ್ನು 1.3 ಆವೃತ್ತಿಯಿಂದಲೇ ಆಫ್ ಮಾಡಿ ಇಟ್ಟಿದ್ದು ಸುಮ್ಮನೆ ಅಲ್ಲ. ನನ್ನ ಪ್ರಕಾರ, ಪಠ್ಯ ಮಾಡೋ ಮೆಥಡ್ ಯಾವತ್ತೂ ನೆಟ್‌ವರ್ಕಿಗೆ ಹೋಗಬಾರದು. ಪಠ್ಯ ಓದೋ ಮೆಥಡ್ಡೂ ಅಷ್ಟೇ. ಜಾವಾದ ಗೆಟ್‌ಬೈನೇಮ್‌ಗೆ 8.8.8.888 ಅಂತ ತಪ್ಪಾಗಿ ಬರೆದು ಕೊಟ್ಟರೆ, ಇದು ಅಂಕಿಯ ವಿಳಾಸ ಅಲ್ಲ, ಹಾಗಾದ್ರೆ ಯಾವುದೋ ಹೋಸ್ಟಿನ ಹೆಸರಿರಬೇಕು ಅಂತ ಡಿಎನ್‌ಎಸ್ ಹುಡುಕೋಕೆ ಹೊರಡುತ್ತೆ. ಅಂಕಿ ಅಂದ್ರೆ ಅಂಕಿ, ತಪ್ಪಿದ್ದರೆ ತಪ್ಪು ಅಂತ ಅಲ್ಲೇ ಹೇಳುವ ಆಫ್‌ಲಿಟರಲ್ ಮೆಥಡ್ ಬಂದಿದ್ದು 2024ರ ಜಾವಾ 22ರಲ್ಲಿ.

— ಸರಿ ಸರಿ. ಆದರೆ ಟುಸ್ಟ್ರಿಂಗ್ ಬಗ್ಗೆ ನೀವು ಹೇಳ್ತಿರೋದು ಸ್ವಲ್ಪ ಅನ್ಯಾಯ. ಜಾವಾದವರು ಕೊಟ್ಟಿರೋ ಪಠ್ಯ ನಂಬಬಾರದು ಅಂದ್ರೆ ಕೊಟ್ಟಿದ್ದಾದರೂ ಯಾಕೆ?

— ಮನುಷ್ಯರು ಓದಲಿ ಅಂತ. ಜಾವಾದ ದಾಖಲೆಯೇ ಹಾಗೆ ಹೇಳುತ್ತೆ. ಟುಸ್ಟ್ರಿಂಗ್ ಚಿಕ್ಕದಾಗಿ, ಓದೋಕೆ ಸುಲಭವಾಗಿ ಇರಲಿ, ಅದು ಕಾಲಕಾಲಕ್ಕೆ ಹೀಗೇ ಇರುತ್ತೆ ಅಂತ ಖಾತ್ರಿ ಏನಿಲ್ಲ ಅಂತ. ಬದಲಾಗಿದ್ದೂ ಉಂಟು. 2020ರ ಮಾರ್ಚಿನಲ್ಲಿ ಬಂದ ಜಾವಾ 14ರ ಮುಂಚೆ ಈ ಇನೆಟ್‌ಸಾಕೆಟ್‌ಅಡ್ರೆಸ್ ಐಪಿವಿ6ಗೆ ಬ್ರಾಕೆಟ್ ಹಾಕುತ್ತಲೇ ಇರಲಿಲ್ಲ, ನಿನ್ನ ಕ್ಲಾಸಿನ ಹಾಗೇ ಬರೀ ಕೋಲನ್. 14ರಲ್ಲಿ ಬ್ರಾಕೆಟ್ ಸೇರಿಸಿದರು. ಹೆಸರು ಮಾತ್ರ ಇದ್ದು ಇನ್ನೂ ಅಂಕಿ ಸಿಕ್ಕಿಲ್ಲದ ಆಬ್ಜೆಕ್ಟಾದರೆ ಅಂಕಿಯ ಜಾಗದಲ್ಲಿ ಅನ್‌ರಿಸಾಲ್ವ್ಡ್ ಅಂತ ಬರೆಯೋದನ್ನೂ ಸೇರಿಸಿದರು. ಟುಸ್ಟ್ರಿಂಗ್ ಒಡೆದು ತಿನ್ನುತ್ತಿದ್ದವರ ಕೋಡೆಲ್ಲ ಅವತ್ತು ಮಗುಚಿತು. ಈಗ ಆ ಮೆಥಡ್ಡಿನ ವಿವರಣೆಯಲ್ಲೇ ಬರೆದಿದ್ದಾರೆ, ಹೋಸ್ಟ್ ಬೇಕಿದ್ದರೆ ಗೆಟ್‌ಹೋಸ್ಟ್‌ಸ್ಟ್ರಿಂಗ್ ಕರೀರಿ, ಈ ಪಠ್ಯವನ್ನು ಪಾರ್ಸ್ ಮಾಡಬೇಡಿ ಅಂತ.

— ಅಂದ್ರೆ ಮಾತು ಕೊಟ್ಟಿಲ್ಲ, ಹಾಗಾಗಿ ಮಾತು ತಪ್ಪಿಲ್ಲ.

— ಹೌದು. ಜೋಶುವಾ ಬ್ಲಾಕ್ 2001ರ ತಮ್ಮ 'ಇಫೆಕ್ಟಿವ್ ಜಾವಾ' ಪುಸ್ತಕದಲ್ಲಿ ಈ ಇಕ್ಕಟ್ಟನ್ನೇ ಬಿಡಿಸಿ ಹೇಳಿದ್ದಾರೆ. ಪ್ರತಿ ಕ್ಲಾಸಿಗೂ ಟುಸ್ಟ್ರಿಂಗ್ ಬರೀರಿ, ಆದರೆ ಅದರ ರೂಪ ಪಕ್ಕಾನೋ ಅಲ್ಲವೋ ಅನ್ನೋದನ್ನು ದಾಖಲೆಯಲ್ಲಿ ಸ್ಪಷ್ಟ ಮಾಡಿ. ಪಕ್ಕಾ ಅಂದರೆ ಆ ಪಠ್ಯದಿಂದ ಆಬ್ಜೆಕ್ಟ್ ವಾಪಸ್ ಮಾಡುವ ದಾರಿಯನ್ನೂ ಕೊಡಿ. ಅಲ್ಲ ಅಂದರೆ ಒಳಗಿನ ಮಾಹಿತಿಗೆ ಬೇರೆ ಮೆಥಡ್ ಕೊಡಿ, ಇಲ್ಲದಿದ್ದರೆ ಜನ ಪಠ್ಯವನ್ನೇ ಒಡೆಯೋಕೆ ಶುರು ಮಾಡ್ತಾರೆ. ನೀನು ಮೂರರಲ್ಲಿ ಯಾವುದನ್ನೂ ಮಾಡಿಲ್ಲ.

— ಡಾಟ್‌ನೆಟ್‌ನವರು ಮಾಡಿದ್ದಾರಾ?

— ತಡವಾಗಿ. ಅವರ ಐಪಿಎಂಡ್‌ಪಾಯಿಂಟ್ 2002ರ ಮೊದಲ ಆವೃತ್ತಿಯಿಂದ ಇದೆ. ಅದಕ್ಕೆ ಪಾರ್ಸ್ ಮೆಥಡ್ ಬಂದಿದ್ದು 2019ರ ಡಾಟ್‌ನೆಟ್ ಕೋರ್ 3.0ರಲ್ಲಿ. ನಡುವಿನ ಅಷ್ಟೂ ವರ್ಷ ಪ್ರತಿ ಕಂಪನಿಯ ಯುಟಿಲಿಟಿ ಫೋಲ್ಡರಿನಲ್ಲಿ ಕೋಲನ್ ಒಡೆಯುವ ಒಂದೊಂದು ಫಂಕ್ಷನ್. ಈಗ ಇರುವ ಪಾರ್ಸ್ ಚೆನ್ನಾಗಿದೆ, ಆದರೆ ಅದರ ನಡವಳಿಕೆ ಗೊತ್ತಿರಲಿ. ಬ್ರಾಕೆಟ್ ಇಲ್ಲದ 2001:4860:4860::8888:53 ಕೊಟ್ಟರೆ ಬೈಯಲ್ಲ. ಇಡೀ ಸಾಲು ವಿಳಾಸ, ಪೋರ್ಟ್ 0 ಅಂತ ಒಪ್ಪಿಕೊಳ್ಳುತ್ತೆ. ನಿಯಮದ ಪ್ರಕಾರ ಅದು ಸರಿಯೇ. ನನಗಂತೂ ಪೋರ್ಟ್ ಕಾಣದಿದ್ದರೆ ಎಕ್ಸೆಪ್ಷನ್ ಎಸೆಯುವ ಮೆಥಡ್ಡೇ ಇಷ್ಟ. ಎಂಡ್‌ಪಾಯಿಂಟ್ ಅಂದಮೇಲೆ ಪೋರ್ಟ್ ಇರಬೇಕು.

— ನನ್ನ ವಾದ ಪೂರ್ತಿ ಕೇಳಿ ಮೇಡಂ. ಕಾನ್ಫಿಗ್ ಫೈಲಿನಲ್ಲಿ ಇರೋದು ಪಠ್ಯ. ಜೇಸನ್‌ನಲ್ಲಿ ಬರೋದು ಪಠ್ಯ. ಲಾಗ್ ಪಠ್ಯ, ಗ್ರೆಪ್ ಮಾಡೋದು ಪಠ್ಯ. ಬೆಳಗಿಂದ ಸಂಜೆವರೆಗೆ ಎಲ್ಲವೂ ಪಠ್ಯವೇ ಆಗಿರುವಾಗ ಒಳಗೆ ಮಾತ್ರ ಆಬ್ಜೆಕ್ಟ್ ಇಟ್ಟುಕೊಂಡು ಮಡಿ ಮಾಡೋದು ಯಾಕೆ? ಒಳಗೂ ಸ್ಟ್ರಿಂಗೇ ಇರಲಿ.

— ಇದೊಂದು ಒಳ್ಳೇ ವಾದ. ಒಂದೇ ಎಂಡ್‌ಪಾಯಿಂಟಿಗೆ ಒಂದೇ ಪಠ್ಯ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ. ಇಲ್ಲವಲ್ಲ. ಲೂಪ್‌ಬ್ಯಾಕ್ ವಿಳಾಸವನ್ನು ಪೈಥಾನ್ ::1 ಅಂತ ಬರೆಯುತ್ತೆ, ಜಾವಾ 0:0:0:0:0:0:0:1 ಅಂತ. ಜಾವಾ ಜೋಡಿ ಕೋಲನ್ ಬಳಸೋದೇ ಇಲ್ಲ. ಎರಡು ಸರ್ವೀಸಿನ ಲಾಗ್ ಪಕ್ಕಪಕ್ಕ ಇಟ್ಟು ಗ್ರೆಪ್ ಮಾಡಿ ನೋಡು, ಒಂದರಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಸಿಗಲ್ಲ. ಒಂದೇ ಬರಹ ಇರಲಿ ಅಂತಲೇ ಆ ಆರ್‌ಎಫ್‌ಸಿ 5952 ಬಂದಿದ್ದು. ಮುಂದಿನ ಸೊನ್ನೆ ಬಿಡಿ, ಎಲ್ಲಕ್ಕಿಂತ ಉದ್ದದ ಸೊನ್ನೆ ಸಾಲನ್ನು ಮಾತ್ರ ಜೋಡಿ ಕೋಲನ್ ಮಾಡಿ, ಸಮ ಇದ್ದರೆ ಮೊದಲನೆಯದು, ಅಕ್ಷರಗಳು ಸಣ್ಣವೇ ಇರಲಿ. ಬರೆಯುವವರಿಗೆ ಈ ಕಟ್ಟುಪಾಡು. ಓದುವವರು ಮಾತ್ರ ಸಿಂಧುವಾದ ಎಲ್ಲ ರೂಪವನ್ನೂ ಓದಲೇಬೇಕು. ಹೊರಗಿಂದ ಬರುವ ಸ್ಟ್ರಿಂಗನ್ನು ಹಾಗೇ ಒಳಗೆ ಬಿಟ್ಟುಕೊಂಡರೆ ಈ ಎಲ್ಲ ರೂಪಗಳೂ ನಿನ್ನ ಮ್ಯಾಪಿನೊಳಗೆ ಬಂದು ಕೂರುತ್ವೆ.

— ಐಪಿವಿ4 ಆದರೂ ಸಲೀಸಾಗಿದೆಯಲ್ಲ.

— ಅದು ಇನ್ನೂ ಕಿಲಾಡಿ. 010.8.8.8 ಅಂದ್ರೆ ಯಾವ ವಿಳಾಸ?

— ಸೊನ್ನೆ ಬಿಟ್ಟರೆ 10.8.8.8. ಪ್ರೈವೇಟ್ ರೇಂಜು, ಆಫೀಸಿನೊಳಗಿನ ಮಿಷನ್ನು.

— ಹಳೇ ಸಿ ಲೈಬ್ರರಿಯ ಇನೆಟ್‌ಏಟಾನ್ ಫಂಕ್ಷನ್ ಕೇಳಿದರೆ ಸೊನ್ನೆಯಿಂದ ಶುರುವಾದದ್ದು ಆಕ್ಟಲ್ ಅನ್ನುತ್ತೆ. ಆಕ್ಟಲ್‌ನಲ್ಲಿ 010 ಅಂದ್ರೆ ಎಂಟು. 8.8.8.8 ಆಯ್ತು, ಹೊರಗಿನ ಇಂಟರ್ನೆಟ್ಟು. ಅದೇ ಫಂಕ್ಷನ್ನಿಗೆ 127.1 ಅಂದರೂ ಸರಿ, 2130706433 ಅಂತ ಒಂದೇ ಅಂಕಿ ಕೊಟ್ಟರೂ ಸರಿ, ಎರಡೂ 127.0.0.1. ಈಗ ಊಹಿಸು, ನಿನ್ನ ಸೆಕ್ಯುರಿಟಿ ಚೆಕ್ ಒಂದು ಲೈಬ್ರರಿಯಲ್ಲಿ, ಕನೆಕ್ಷನ್ ಇನ್ನೊಂದು ಲೈಬ್ರರಿಯಲ್ಲಿ, ನಡುವೆ ಓಡಾಡೋದು ಸ್ಟ್ರಿಂಗು. ಇವನು ಒಳಗಿನವನು ಅಂತ ಚೆಕ್ ಪಾಸ್ ಮಾಡಿತು, ಕನೆಕ್ಷನ್ ಹೊರಗೆ ಹೋಯ್ತು. ಪೈಥಾನಿನ ಐಪಿಅಡ್ರೆಸ್ ಮಾಡ್ಯೂಲ್ 3.8ರಲ್ಲಿ ಮುಂದಿನ ಸೊನ್ನೆಗಳನ್ನು ಸುಮ್ಮನೆ ಒಪ್ಪಿಕೊಳ್ಳೋಕೆ ಶುರು ಮಾಡಿತ್ತು. 2021ರಲ್ಲಿ ಅದಕ್ಕೆ ಭದ್ರತಾ ದೋಷ ಅಂತ ಸಿವಿಇ ನಂಬರ್ ಬಿತ್ತು, 3.9.5ರಿಂದ ಇಂಥ ಪಠ್ಯ ಕೊಟ್ಟರೆ ಎರರ್. ಬಾಗಿಲಲ್ಲೇ ಒಂದು ಸಲ ಓದಿ ಆಬ್ಜೆಕ್ಟ್ ಮಾಡಿ, ಆಮೇಲೆ ಆ ಆಬ್ಜೆಕ್ಟನ್ನೇ ಚೆಕ್ ಮಾಡಿ ಅದಕ್ಕೇ ಕನೆಕ್ಟ್ ಮಾಡಿದ್ದರೆ ಎರಡು ಅರ್ಥಕ್ಕೆ ಜಾಗವೇ ಇರಲ್ಲ.

— ನಮ್ಮ ಡೇಟಾಬೇಸಿನಲ್ಲೂ ಅದು ಸ್ಟ್ರಿಂಗ್ ಕಾಲಮ್ಮೇ. ವಾರ್‌ಕ್ಯಾರ್ 15.

— ನೋಡಿದೆ. ಐಪಿವಿ6 ಪೂರ್ತಿ ಬರೆದರೆ 39 ಅಕ್ಷರ, ಕೊನೆಗೆ ಐಪಿವಿ4 ರೂಪ ಬಂದರೆ 45. ಅದಕ್ಕೇ ಸಿ ಹೆಡರ್ ಫೈಲಿನಲ್ಲಿ ಕೊನೆಯ ಸೊನ್ನೆ ಬೈಟ್ ಸೇರಿಸಿ 46 ಅಂತ ಇದೆ. ಭಾರತದಲ್ಲಿ ಗೂಗಲ್ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರೋದು ಐಪಿವಿ6 ಮೇಲೆ ಅಂತ ಅವರದೇ ಅಂಕಿಅಂಶ ತೋರಿಸುತ್ತೆ. ಇಲ್ಲಿ ಕೂತು 15 ಅಕ್ಷರದ ಕಾಲಮ್ ಮಾಡೋದಕ್ಕೆ ಏನನ್ನಬೇಕು? ಉದ್ದ ಬಿಡು, ಆರ್ಡರ್ ಬೈ ಹಾಕಿದರೂ 10.0.0.10 ಮೊದಲು ಬಂದು 10.0.0.9 ಆಮೇಲೆ ಬರುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಇನೆಟ್ ಅಂತ ಇದಕ್ಕೇ ಒಂದು ಟೈಪ್ ಇದೆ. ಅದನ್ನು ಬಳಸು, ಪೋರ್ಟಿಗೆ ಪಕ್ಕದಲ್ಲಿ ಬೇರೆ ಕಾಲಮ್ ಮಾಡು.

— ಮತ್ತೆ ಆ ನಾಲ್ಕು ಎಫ್ ಹಾಕಿಕೊಂಡು ಬರೋ ವಿಳಾಸಗಳು?

— ಒಂದೇ ಸಾಕೆಟ್ಟಿನಲ್ಲಿ ಎರಡೂ ಬಗೆಯ ಕ್ಲೈಂಟ್ ತಗೊಂಡರೆ ಐಪಿವಿ4ನವರು ಆ ವೇಷದಲ್ಲಿ ಬರ್ತಾರೆ. ಜೋಡಿ ಕೋಲನ್, ನಾಲ್ಕು ಎಫ್, ಇನ್ನೊಂದು ಕೋಲನ್, ಆಮೇಲೆ 192.0.2.10. ಬ್ಲಾಕ್ ಲಿಸ್ಟಿನಲ್ಲಿ ಬರೀ 192.0.2.10 ಇದೆ. ಸ್ಟ್ರಿಂಗ್ ಹೋಲಿಸಿದರೆ ತಾಳೆ ಆಗಲ್ಲ, ತಡೆಯಬೇಕಾದವನು ಒಳಗೆ. ಜಾವಾ ಇದನ್ನು ತಾನೇ ಐಪಿವಿ4 ಆಬ್ಜೆಕ್ಟ್ ಮಾಡಿಕೊಡುತ್ತೆ. ಪೈಥಾನಿನಲ್ಲಿ ನೀನೇ ಐಪಿವಿ4ಮ್ಯಾಪ್ಡ್ ಅನ್ನೋ ಪ್ರಾಪರ್ಟಿ ಕೇಳಬೇಕು. ನಿನ್ನ ಕ್ಲಾಸು ಎರಡರಲ್ಲಿ ಯಾವ ದಾರಿ ಹಿಡಿದರೂ ನನಗೆ ಅಭ್ಯಂತರ ಇಲ್ಲ. ಯಾವುದು ಅಂತ ದಾಖಲೆಯಲ್ಲಿ ಬರಿ.

— ಹಾಗಾದ್ರೆ ಏನು ಬದಲಾಯಿಸಲಿ, ಬಿಡಿಸಿ ಹೇಳಿಬಿಡಿ.

— ಟುಸ್ಟ್ರಿಂಗ್ ಇರಲಿ, ಮನುಷ್ಯರಿಗೆ, ಯಾರೂ ಅದನ್ನು ಒಡೆಯಬೇಡಿ ಅಂತ ಮೇಲೆ ಒಂದು ಸಾಲು. ಅದರ ಪಕ್ಕ ಫಾರ್ಮ್ಯಾಟ್, ಪಾರ್ಸ್ ಅಂತ ಒಂದು ಜೋಡಿ. ಒಂದು ಬರೆದದ್ದನ್ನು ಇನ್ನೊಂದು ಓದಿದರೆ ಅದೇ ಆಬ್ಜೆಕ್ಟ್ ಬರಲೇಬೇಕು. ಕಾನ್ಫಿಗ್, ಜೇಸನ್ ಎಲ್ಲ ಈ ಜೋಡಿಯಿಂದಲೇ ಹೋಗಿ ಬರಲಿ. ಮ್ಯಾಪಿನ ಕೀ ಆಬ್ಜೆಕ್ಟೇ ಆಗಿರಲಿ. ಲಿಂಕ್-ಲೋಕಲ್ ವಿಳಾಸಕ್ಕೆ ಶೇಕಡಾ ಚಿಹ್ನೆ ಹಾಕಿ ಬರುವ ಇಂಟರ್‌ಫೇಸ್ ಹೆಸರು ಇದೆಯಲ್ಲ, ಅದು ಈ ಮಿಷನ್ನಿನಲ್ಲಿ ಮಾತ್ರ ಅರ್ಥ ಇರುವಂಥದ್ದು. ಹೊರಗೆ ಕಳಿಸುವ ಪಠ್ಯದಲ್ಲಿ ಅದು ಬಂದರೆ ಎಕ್ಸೆಪ್ಷನ್ ಎಸೆ.

— ಮತ್ತೆ ಟೆಸ್ಟು?

— 8.8.8.8:53 ಇರಲಿ. ಬ್ರಾಕೆಟ್ ಹಾಕಿದ್ದು ಒಂದು, ಬ್ರಾಕೆಟ್ ಇಲ್ಲದ್ದು ಒಂದು, 010.8.8.8 ಒಂದು, ಪೋರ್ಟ್ 65535 ಮತ್ತು 65536 ಸೇರಿಸು. ಬ್ರಾಕೆಟ್ ಇಲ್ಲದ್ದೂ, ಮುಂದೆ ಸೊನ್ನೆ ಇದ್ದದ್ದೂ, 65536 ಇದ್ದದ್ದೂ ಎರರ್ ಕೊಡಬೇಕು.

— ಇವತ್ತು ಸಂಜೆ ರಿಲೀಸ್ ಇದೆ ಮೇಡಂ. ಸದ್ಯಕ್ಕೆ ಅಪ್ರೂವ್ ಮಾಡಿ, ಇದನ್ನೆಲ್ಲ ಮುಂದಿನ ಸ್ಪ್ರಿಂಟಿನಲ್ಲಿ ಮಾಡ್ತೀನಿ.

— ಮಾಡಲ್ಲ. ಕೋಲನ್ ಒಡೆಯುವ ಆ ಸಾಲು ಹೋಗೋವರೆಗೆ ಅಪ್ರೂವ್ ಇಲ್ಲ. ಪಾರ್ಸ್ ಮೆಥಡ್ ಬರೆದುಕೊಂಡು ಬಾ, ಊಟ ಆದಮೇಲೆ ನೋಡ್ತೀನಿ.